ಮಾರ್ಚ್ ಇಪ್ಪತ್ತೇಳರ ಎರಕ

"ಓದಿ ಹೇಳಿ ಮೇಡಂ. ಏನಿದ್ರೂ ಪರವಾಗಿಲ್ಲ," ಎಂದ ಕ್ಲಿಫ್ಟನ್ ರೇನಿ.

ಇಲೋನಾ ಹುಡಾಕ್ ಅವನ ಕಾರಿನ ಅಡಿಯಲ್ಲಿ ಗಾಲಿಹಲಗೆಯ ಮೇಲೆ ಅಂಗಾತ ಮಲಗಿದ್ದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉದ್ದ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ. ಎಂಜಿನ್ನು ಗೇರ್‌ಬಾಕ್ಸಿಗೆ ಸೇರುವ ಜಾಗದಲ್ಲಿ ಐವತ್ತು ವರ್ಷದ ಜಿಡ್ಡು ಕೂತಿತ್ತು. ಅದನ್ನು ತಂತಿಯ ಬ್ರಷ್ಷಿನಿಂದ ಅರ್ಧ ಗಂಟೆ ಉಜ್ಜಿದ ಮೇಲೆ ಎರಕದ ತಾರೀಖು ಎದ್ದು ಕಂಡಿತ್ತು. ಅದನ್ನು ಅವಳು ಆಗಲೇ ಎರಡು ಸಲ ಓದಿದ್ದಳು. ಬಟ್ಟೆಯಿಂದ ಒರೆಸಿ ಮೂರನೇ ಸಲವೂ ಓದಿದಳು.

"ಸಿ ಅಕ್ಷರ. ಆಮೇಲೆ ಇಪ್ಪತ್ತೇಳು. ಆಮೇಲೆ ಸೊನ್ನೆ," ಎಂದಳು. "ಮೂರನೇ ತಿಂಗಳು, ಇಪ್ಪತ್ತೇಳನೇ ತಾರೀಖು, ಎಪ್ಪತ್ತನೇ ಇಸವಿ."

"ಮಾರ್ಚ್ ಇಪ್ಪತ್ತೇಳು."

"ಹೌದು."

ಮಲಗಿದ್ದಲ್ಲಿಂದ ಅವಳಿಗೆ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಅವು ಒಂದು ಹೆಜ್ಜೆ ಹಿಂದೆ ಸರಿದು ನಿಂತವು. ಅವಳು ಹಲಗೆಯನ್ನು ತಳ್ಳಿಕೊಂಡು ಹೊರಗೆ ಬಂದಾಗ ಅವನು ಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಹಳೆಯ ಕಾಗದ ತೆಗೆದು ಹಿಡಿದಿದ್ದ. ಎಪ್ಪತ್ತೆರಡು ವರ್ಷದ ಎತ್ತರದ ಆಳು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಕೈಗಳು. ಕಾರು ಕೊಂಡ ಆ ರಸೀದಿಯನ್ನು ಅವಳ ಮುಂದೆ ಚಾಚಿದ.

"ವಿಯೆಟ್ನಾಮಿಂದ ವಾಪಸ್ ಬಂದು ಮೂರು ವಾರ ಆಗಿತ್ತು. ಈ ಕಾರನ್ನ ಅಂಗಡಿಯಿಂದ ಓಡಿಸ್ಕೊಂಡು ಹೊರಟಿದ್ದು ಮಾರ್ಚ್ ಇಪ್ಪತ್ತೊಂದಕ್ಕೆ. ಇಲ್ಲಿ ಬರೆದಿದೆ ನೋಡಿ. ಆರು ದಿನ ಆದ ಮೇಲೆ ಹುಟ್ಟಿದ ಎಂಜಿನ್ನು ಇದರೊಳಗೆ ಹೇಗೆ ಬಂತು, ನೀವೇ ಹೇಳಿ."

ಇಂಥ ಹಳೇ ಕಾರುಗಳ ಹುಚ್ಚು ಹತ್ತಿದವರು ನಮ್ಮ ಒಹಾಯೊದಲ್ಲಿ ಬೀದಿಗೊಬ್ಬರಿದ್ದಾರೆ. ಬಣ್ಣ ಬಳಿಯಬಹುದು, ಸೀಟು ಹೊಲಿಸಬಹುದು, ಬಾನೆಟ್ಟಿನ ಮೇಲೆ ಬೇಕಾದ ಬಿರುದು ಅಂಟಿಸಬಹುದು. ಮುದುಕಿಯರು ಚರ್ಚಿಗೆ ಓಡಿಸುತ್ತಿದ್ದ ಬಡಪಾಯಿ ಕಾರನ್ನು ರೇಸಿನ ಕುದುರೆಯೆಂದು ನಂಬಿಸಬಹುದು. ನಂಬಿಸಲಾಗದ್ದು ಒಂದೇ, ಎಂಜಿನ್ನಿನ ಬ್ಲಾಕು. ಆ ಕಬ್ಬಿಣದ ಮೈಮೇಲೆ ಅದರ ಜಾತಕ ಇರುತ್ತದೆ. ಯಾವ ಅಚ್ಚು, ಯಾವ ದಿನದ ಎರಕ, ಯಾವ ಕಾರಿಗೆಂದು ಹುಟ್ಟಿತು, ಎಲ್ಲ. ಅದನ್ನು ಓದಿಸಿಕೊಳ್ಳಲು ಜನ ಮೂರು ರಾಜ್ಯ ದಾಟಿ ಇಲೋನಾಳ ಮನೆಯ ಹಿಂದಿನ ಈ ಗ್ಯಾರೇಜಿಗೆ ಬರುತ್ತಿದ್ದರು. ಮೊದಲು ಬಂದವರು ಇವಳು ಹೆಂಗಸೆಂದು ಮೂಗು ಮುರಿಯುತ್ತಿದ್ದರು, ಹೋಗುವಾಗ ಟೋಪಿ ತೆಗೆಯುತ್ತಿದ್ದರು.

"ಇದನ್ನ ನಿಮಗೆ ಮೊದಲೇ ಯಾರೋ ಹೇಳಿದಾರೆ ಅಲ್ವಾ ರೇನಿಯವರೇ?"

"ಇಪ್ಪತ್ತೊಂಬತ್ತು ವರ್ಷದ ಹಿಂದೆ," ಎಂದು ಅವನು ಕಾರಿನ ಮಡ್‌ಗಾರ್ಡಿಗೆ ಒರಗಿಕೊಂಡ. "ನನಗೊಬ್ಬ ತಮ್ಮ ಇದಾನೆ. ಅಂಬ್ರೋಸ್. ಎಂಬತ್ತೆಂಟರಲ್ಲಿ ಇಲ್ಲಿ ಕೆಲಸ ಇಲ್ಲದೆ ನಾನು ಟೆಕ್ಸಾಸಿಗೆ ಹೋದೆ. ಕಾರನ್ನ ಅವನ ಹತ್ರ ಬಿಟ್ಟೆ. ಭಾನುವಾರ ಒಂದು ಸುತ್ತು ಓಡ್ಸು, ಸಾಕು ಅಂದಿದ್ದೆ. ಹದಿನಾಲ್ಕು ತಿಂಗಳಾದ ಮೇಲೆ ಬಂದೆ. ಅದಾಗಿ ಸ್ವಲ್ಪ ದಿನಕ್ಕೆ ಕಾರಿನ ಮೇಳಕ್ಕೆ ತಗೊಂಡು ಹೋದೆ. ಅಲ್ಲಿ ಪರೀಕ್ಷೆ ಮಾಡೋನು ಕೆಳಗೆ ತೂರಿ ನೋಡಿ, ಅಷ್ಟು ಜನರ ಎದುರು ನಕ್ಕ. 'ಎಂಜಿನ್ ಬದಲಾಗಿದೆ ತಾತಾ, ನಿಂಗೆ ಗೊತ್ತೇ ಇಲ್ವಾ' ಅಂದ. ನನಗಾಗ ನಲವತ್ಮೂರು. ತಾತ ಅಂದದ್ದಕ್ಕೆ ಬೇರೆ ಸಿಟ್ಟು."

"ತಮ್ಮ ಏನಂದ್ರು?"

"ಮುಟ್ಟಿಲ್ಲ ಅಂದ. ಅಮ್ಮನ ಮೇಲೆ ಆಣೆ ಇಟ್ಟ. ಅಮ್ಮನ ಹೆಸರು ಬಾಯಲ್ಲಿ ಬರಬಾರದು ಅಂದೆ ನಾನು. ನೀನು ಯದ್ವಾತದ್ವಾ ಓಡಿಸಿ ಎಂಜಿನ್ ಸುಟ್ಟೆ, ಎಲ್ಲಿಂದಲೋ ಇನ್ನೊಂದು ತಂದು ಕೂರಿಸಿದೆ, ಅದರ ಮೇಲೆ ನನ್ನ ನಂಬರನ್ನೂ ಕೊರೆಸಿದೆ ಅಂದೆ. ಕಳ್ಳ ಅಂದೆ. ಅವನ ಹೆಂಡ್ತಿ, ಮಗಳ ಎದುರಿಗೇ ಅಂದೆ."

ಆಮೇಲೆ ಅವನು ಟೋಪಿ ತೆಗೆದು ಅದರ ಒಳಗನ್ನು ನೋಡುತ್ತ ನಿಂತ.

"ಈಗ ಅವನ ಶ್ವಾಸಕೋಶ ಕೆಟ್ಟಿದೆ. ಎರೀ ಊರಲ್ಲಿ ಇದಾನೆ. ಮಗಳು ಫೋನ್ ಮಾಡಿದ್ಲು, ದೊಡ್ಡಪ್ಪ, ಬರೋದಾದ್ರೆ ಈಗ ಬನ್ನಿ ಅಂತ. ಹೋಗ್ತೀನಿ. ಆದ್ರೆ ಅವನನ್ನ ಕ್ಷಮಿಸೋಕೆ ಹೋಗ್ತಾ ಇದೀನಾ, ಅವನ ಹತ್ರ ಕ್ಷಮೆ ಕೇಳೋಕೆ ಹೋಗ್ತಾ ಇದೀನಾ, ಅದು ಗೊತ್ತಾಗ್ಬೇಕು ಮೇಡಂ. ಎರಡಕ್ಕೂ ಮುಖ ಬೇರೆ ಬೇರೆ ಬೇಕು."

ಇಲೋನಾ ಕಾರಿನ ಮುಂಭಾಗಕ್ಕೆ ನಡೆದಳು. ಬಾನೆಟ್ ಎತ್ತಿ ಬ್ಲಾಕಿನ ಮುಂದುಗಡೆ, ಸಿಲಿಂಡರಿನ ತಲೆ ಕೂತಿರುವ ಕಡೆಯ ಸಣ್ಣ ಚಪ್ಪಟೆ ಪಟ್ಟಿಯನ್ನು ಪೆಟ್ರೋಲು ಹಾಕಿ ಒರೆಸಿದಳು. ಕಾರಿನ ನಂಬರನ್ನು ಕಾರ್ಖಾನೆಯವರು ಹೊಡೆಯುವುದು ಅಲ್ಲಿ, ಮೋಸಗಾರರು ಕೈಹಾಕುವುದೂ ಅಲ್ಲೇ. ಹಳೆಯ ನಂಬರನ್ನು ಅರೆದು ಅಳಿಸಿದರೆ ಕಾರ್ಖಾನೆಯ ಯಂತ್ರ ಬಿಟ್ಟ ಕೂದಲೆಳೆಯ ಗೀರುಗಳೂ ಅಳಿಸಿಹೋಗುತ್ತವೆ. ಮರಳುಕಾಗದ ಉಜ್ಜಿ ಹೊಸ ಗೀರು ಮಾಡುತ್ತಾರೆ, ಆದರೆ ಅವು ಎಲ್ಲೋ ಒಂದು ಕಡೆ ಸೊಟ್ಟಗಾಗುತ್ತವೆ. ಭೂತಕನ್ನಡಿ ಹಿಡಿದು ಅವಳು ಬಹಳ ಹೊತ್ತು ನೋಡಿದಳು. ಗೀರುಗಳು ಈ ಅಂಚಿನಿಂದ ಆ ಅಂಚಿನವರೆಗೆ ನೆಟ್ಟಗೆ ಹೋಗಿದ್ದವು. ಅಂಕಿಗಳು ಅವುಗಳ ಮೇಲೆ ಕೂತಿದ್ದವು.

"ಇದು ಕಾರ್ಖಾನೆಯ ಏಟು," ಎಂದಳು. "ಇದನ್ನ ಯಾರೂ ಮುಟ್ಟಿಲ್ಲ. ಬ್ಲಾಕು ಈ ಕಾರಿಂದೇ ಅಂತ ಮುಂದೆ ಬರೆದಿದೆ. ಆಗೋಕೆ ಸಾಧ್ಯ ಇಲ್ಲ ಅಂತ ಹಿಂದೆ ಬರೆದಿದೆ."

"ಅಂದ್ರೆ?"

"ಎರಡರಲ್ಲಿ ಒಂದು ಸುಳ್ಳು. ಊಟ ಮುಗಿಸ್ಕೊಂಡು ಎರಡು ಗಂಟೆಗೆ ಬನ್ನಿ. ಕಾರು ಇಲ್ಲೇ ಇರಲಿ."

ಅವನು ಸೊಟ್ಟ ನಗು ನಕ್ಕ. "ಕಾರನ್ನ ಇನ್ನೊಬ್ಬರ ಹತ್ರ ಬಿಟ್ಟು ಹೋಗೋದು ನಂಗೆ ಆಗಿಬರಲ್ಲ," ಎನ್ನುತ್ತಲೇ ಕೀಲಿಯನ್ನು ಅವಳ ಮೇಜಿನ ಮೇಲಿಟ್ಟು ನಡೆದ.

ಅವಳಿಗೆ ಅನುಮಾನ ಹುಟ್ಟಿದ್ದು ಗೀರುಗಳನ್ನು ನೋಡುವಾಗಲೇ. ಅನುಮಾನವಲ್ಲ, ಹೆದರಿಕೆ. ಎರಕದ ತಾರೀಖು ತಾನಾಗಿ ಮೂಡುವುದಿಲ್ಲ. ಪ್ರತಿ ದಿನ ಬೆಳಿಗ್ಗೆ, ಮೊದಲ ಕಬ್ಬಿಣ ಸುರಿಯುವ ಮುಂಚೆ, ಒಬ್ಬ ಮನುಷ್ಯ ಅಚ್ಚಿನಿಂದ ನಿನ್ನೆಯ ತಾರೀಖಿನ ಬಿಲ್ಲೆ ಬಿಚ್ಚಿ ಇವತ್ತಿನ ಬಿಲ್ಲೆ ಕೂರಿಸಬೇಕು. ಈ ಬ್ಲಾಕುಗಳನ್ನು ಎರಕ ಹೊಯ್ಯುತ್ತಿದ್ದ ನದಿಯಾಚೆಯ ಫೌಂಡ್ರಿ ಬಾಗಿಲು ಹಾಕುವವರೆಗೆ, ಮೂವತ್ತೊಂದು ವರ್ಷ, ಮೊದಲ ಪಾಳಿಯಲ್ಲಿ ಆ ಕೆಲಸ ಮಾಡಿದವನು ಅವಳ ಅಪ್ಪ ಸ್ಟೀಫನ್ ಹುಡಾಕ್. ಒಂದು ದಿನವೂ ಬಿಲ್ಲೆ ತಪ್ಪಿಲ್ಲ ಎನ್ನುವುದು ಅವನ ಬದುಕಿನ ಒಂದೇ ಜಂಬ. ಅದನ್ನು ಅವನು ಪಾದ್ರಿಗೆ ಹೇಳಿದ್ದ, ಡಾಕ್ಟರಿಗೆ ಹೇಳಿದ್ದ, ಇಲೋನಾಳ ಮದುವೆಯಲ್ಲಿ ಬೀಗರನ್ನು ಕೂರಿಸಿಕೊಂಡು ಹೇಳಿದ್ದ. ಮದುವೆ ಮುರಿದು ಅವಳು ತವರಿಗೆ ಬಂದಾಗ ಅವಳಿಗೆ ಕಬ್ಬಿಣ ಓದಲು ಕಲಿಸಿದವನೂ ಅವನೇ. ಈಗ ಅವನಿಗೆ ಎಂಬತ್ತನಾಲ್ಕು. ಹೆಂಡತಿ ಹೋದಳು, ಫೌಂಡ್ರಿ ಹೋಯಿತು, ಒಂದು ಕಿವಿಯೂ ಹೋಯಿತು. ಉಳಿದಿರುವ ಆ ಒಂದು ಜಂಬವನ್ನು ತಾನೇ ಕಿತ್ತುಕೊಳ್ಳಬೇಕೇ?

ತಾರೀಖು ತಪ್ಪಿರಬಹುದು ಎಂದಷ್ಟೇ ರೇನಿಗೆ ಹೇಳಿ ಕಳಿಸಿದರೆ? ಆದರೆ 'ಬಹುದು' ಎನ್ನುವ ಮಾತು ಹಿಡಿದುಕೊಂಡು ಯಾರು ಸಾಯುತ್ತಿರುವ ತಮ್ಮನ ಮನೆಗೆ ಹೋಗುತ್ತಾರೆ?

ಒಲೆಯ ಮೇಲೆ ನಿನ್ನೆಯ ಎಲೆಕೋಸಿನ ಸುರುಳಿಗಳನ್ನು ಬಿಸಿಮಾಡಿ ಅಪ್ಪನ ತಟ್ಟೆಗೆ ಎರಡು ಹಾಕಿದಳು. ಅವನು ಒಂದನ್ನು ಮುಗಿಸುವವರೆಗೆ ಕಾದಳು.

"ಅಪ್ಪ, ಎಪ್ಪತ್ತನೇ ಇಸವಿ ಮಾರ್ಚ್ ಇಪ್ಪತ್ತೇಳು ಯಾವ ವಾರ?"

"ಗುಡ್ ಫ್ರೈಡೆ," ಎಂದ ಸ್ಟೀಫನ್, ಅಗಿಯುವುದನ್ನು ನಿಲ್ಲಿಸದೆ. "ಆ ವರ್ಷ ಚರ್ಚಲ್ಲಿ ಶಿಲುಬೆ ಹೊತ್ತಿದ್ದು ನಾನು. ಈಸ್ಟರ್ ಕಳೆದು ಎರಡು ವಾರ ಆದ್ರೂ ಭುಜ ನೋವು ಹೋಗಿರಲಿಲ್ಲ. ಯೇಸು ಮೂರೇ ದಿನಕ್ಕೆ ಎದ್ದ, ನೀವಿನ್ನೂ ಎದ್ದಿಲ್ಲ ಅಂತ ನಿಮ್ಮಮ್ಮ ಆಡ್ಕೋತಿದ್ಲು."

"ಅವತ್ತು ಫೌಂಡ್ರಿ ಇತ್ತಾ?"

"ಗುಡ್ ಫ್ರೈಡೆ ದಿನಾನಾ? ಯೂನಿಯನ್ನು ಹೊಡೆದಾಡಿ ತಗೊಂಡ ರಜಾ ಅದು. ಒಂದು ತೊಟ್ಟು ಕಬ್ಬಿಣ ಸುರಿದಿಲ್ಲ ಅವತ್ತು."

ಹಾಗಾದರೆ ಆ ತಾರೀಖು ಸುಳ್ಳು. ರೇನಿಗೆ ಬೇಕಾದ ಉತ್ತರ ಸಿಕ್ಕಿತು. ಇಷ್ಟಕ್ಕೇ ಬಾಯಿ ಮುಚ್ಚಿಕೊಂಡು ಎದ್ದರೆ ಆಯಿತು ಎಂದು ಅವಳು ತಟ್ಟೆ ಎತ್ತಿದಳು.

"ಕೂತ್ಕೋ," ಎಂದ ಸ್ಟೀಫನ್. "ನೀನು ಸುಮ್ನೆ ಕೇಳೋಳಲ್ಲ. ಯಾರ ಬ್ಲಾಕಲ್ಲಿದೆ ಸಿ ಇಪ್ಪತ್ತೇಳು?"

"ಯಾರದ್ದೂ ಇಲ್ಲಪ್ಪ."

"ಇಲೋನ್ಕಾ."

ಅವನು ಹಾಗೆ ಮುದ್ದಿನ ಹೆಸರಿನಿಂದ ಕರೆಯುವುದು ಅಪರೂಪ. ಅವಳು ಕೂತಳು. ಸ್ಟೀಫನ್ ಕಿಟಕಿಯ ಕಡೆ ನೋಡುತ್ತಿದ್ದ, ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ಅವನು ದಿನ ಎಣಿಸುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು, ತಡೆಯುವ ದಾರಿ ಇರಲಿಲ್ಲ.

"ಫೆಬ್ರವರಿ ಇಪ್ಪತ್ತೇಳೂ ಶುಕ್ರವಾರವೇ," ಎಂದ ಕೊನೆಗೆ. "ಆ ತಿಂಗಳ ಕೊನೇ ಕೆಲಸದ ದಿನ."

"ಬೇರೆ ಪಾಳಿಯವರು ಮಾಡಿರ್ಬಹುದು ಅಪ್ಪ."

"ನನ್ನ ಬಿಲ್ಲೆ ಡಬ್ಬಿ ಬೇರೆಯವರು ಮುಟ್ಟೋಕೆ ನಾನು ಬಿಟ್ಟಿದ್ನಾ?" ಸ್ಟೀಫನ್ ಫೋರ್ಕನ್ನು ತಟ್ಟೆಯ ಅಂಚಿಗಿಟ್ಟ. "ತಿಂಗಳ ಕೊನೇ ದಿನ ಪಾಳಿ ಮುಗಿದ ಮೇಲೆ ಅಕ್ಷರ ಬದಲಾಯಿಸಿ ಬರ್ತಿದ್ದೆ. ಸೋಮವಾರಕ್ಕೆ ಬರೀ ಅಂಕಿ ಕೂರಿಸಿದ್ರೆ ಸಾಕಾಗ್ತಿತ್ತು. ಅವತ್ತು ಬೆಳಿಗ್ಗೆನೇ ಬದಲಾಯಿಸಿದೀನಿ. ಫೆಬ್ರವರಿಯ ಬಿ ತೆಗೆದು ಮಾರ್ಚಿನ ಸಿ ಹಾಕಿದೀನಿ."

"ಯಾಕೆ?"

"ಹನ್ನೆರಡಕ್ಕೇ ಹೊರಡೋದಿತ್ತು."

ಅಷ್ಟೇ ಹೇಳಿದ. ಅಷ್ಟಕ್ಕೇ ಅವಳಿಗೆ ಅರ್ಥವಾಯಿತು. ಆ ಚಳಿಗಾಲ ಅವಳಿಗೆ ಏಳು ವರ್ಷ, ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಳು. ಫೌಂಡ್ರಿಯ ಬಟ್ಟೆಯಲ್ಲೇ ಅಪ್ಪ ಮಂಚದ ಪಕ್ಕ ಬಂದು ಕೂತದ್ದು, ಬಿಳಿ ಹಾಸಿಗೆಗೆ ಮಸಿ ಹತ್ತಿತೆಂದು ನರ್ಸು ಗದರಿದ್ದು, ಅವನು ಎದ್ದು ನಿಂತೇ ಮಧ್ಯಾಹ್ನವೆಲ್ಲ ಕಳೆದದ್ದು ಅವಳಿಗೆ ಇನ್ನೂ ನೆನಪಿತ್ತು. ಅವಳ ಕಣ್ಣು ತುಂಬಿ ಬಂತು. ಅಪ್ಪ ಅದನ್ನು ನೋಡದವನ ಹಾಗೆ ನೀರು ಕುಡಿದ.

"ಈಗ ಹೇಳು. ಯಾರದು?"

ಅವಳು ಹೇಳಿದಳು. ಅಣ್ಣ, ತಮ್ಮ, ಟೆಕ್ಸಾಸು, ಕಳ್ಳ ಎಂದ ಮಾತು, ಶ್ವಾಸಕೋಶ, ಎಲ್ಲವನ್ನೂ ಹೇಳಿದಳು. ಸ್ಟೀಫನ್ ಒಳ್ಳೆಯ ಕಿವಿಯನ್ನು ಅವಳ ಕಡೆ ತಿರುಗಿಸಿಕೊಂಡು ಕೇಳಿದ. ಎರಡನೇ ಸುರುಳಿ ತಟ್ಟೆಯಲ್ಲೇ ಆರಿತು.

ಎರಡು ಗಂಟೆಗೆ ಕ್ಲಿಫ್ಟನ್ ಬಂದಾಗ ಗ್ಯಾರೇಜಿನಲ್ಲಿ ಒಬ್ಬ ಮುದುಕ ಗಾಲಿಹಲಗೆಯ ಮೇಲೆ ಮಲಗುವ ಸಾಹಸದಲ್ಲಿದ್ದ, ಮಗಳು ಅವನನ್ನು ಬೈಯುತ್ತಿದ್ದಳು.

"ಬರೋ ತಿಂಗಳು ಸೊಂಟ ಹಿಡಿದು ಕೂತ್ರೆ ನಾನು ನೋಡ್ಕೊಳ್ಳಲ್ಲ."

"ಬರೋ ತಿಂಗಳವರೆಗೆ ಇದ್ರೆ ತಾನೇ. ಸಾರ್, ಆ ಕಡೆ ಭುಜ ಹಿಡ್ಕೊಳ್ಳಿ ಸ್ವಲ್ಪ."

ಇದು ಯಾರು, ಯಾಕೆ ಎಂದು ಕೇಳದೆ ಕ್ಲಿಫ್ಟನ್ ಬಗ್ಗಿ ಭುಜ ಹಿಡಿದ. ಇಬ್ಬರೂ ಸೇರಿ ಅವನನ್ನು ಮೆಲ್ಲಗೆ ಮಲಗಿಸಿ ಕಾರಿನ ಅಡಿಗೆ ತಳ್ಳಿದರು. ಇಲೋನಾ ಟಾರ್ಚು ಹಿಡಿದಳು. ಸ್ಟೀಫನ್ ಕನ್ನಡಿಯನ್ನು ಪಕ್ಕಕ್ಕಿಟ್ಟು ಬೆರಳಿನಿಂದಲೇ ತಡವಿದ. ತಾರೀಖಿನ ಎರಡೂ ತುದಿಯಲ್ಲಿ ಬಿಲ್ಲೆಯ ಸ್ಕ್ರೂಗಳ ತಲೆಯ ಗುರುತು ಕಬ್ಬಿಣದಲ್ಲಿ ಉಳಿದಿತ್ತು. ಎರಡರ ಸೀಳೂ ನೆಟ್ಟಗೆ ನಿಂತಿತ್ತು.

"ಸ್ಕ್ರೂ ಸೀಳನ್ನ ನೆಟ್ಟಗೆ ನಿಲ್ಲಿಸ್ತಿದ್ದೋನು ನಾನೊಬ್ಬನೇ," ಎಂದು ಒಳಗಿನಿಂದ ಧ್ವನಿ ಬಂತು. "ಉಳಿದವರು ಎಲ್ಲಿ ನಿಂತ್ರೆ ಅಲ್ಲಿ ಬಿಡ್ತಿದ್ರು. ಇದು ನನ್ನದೇ ಕಣೇ. ಎಳೀರಿ ಆಚೆಗೆ."

ಹೊರಗೆ ಬಂದು, ಕೂತು, ಉಸಿರು ಹಿಡಿದುಕೊಂಡು, ಅವನು ಎಲ್ಲವನ್ನೂ ಕ್ಲಿಫ್ಟನ್‌ಗೆ ಹೇಳಿದ. ತಾನು ಯಾರೆಂದು, ಬಿಲ್ಲೆಯ ಕೆಲಸ ಏನೆಂದು, ಗುಡ್ ಫ್ರೈಡೆ ಎಂದು, ಫೆಬ್ರವರಿಯ ಶುಕ್ರವಾರವೆಂದು. ಹನ್ನೆರಡಕ್ಕೆ ಯಾಕೆ ಹೊರಟೆನೆಂದು ಹೇಳಲಿಲ್ಲ. ಕ್ಲಿಫ್ಟನ್ ಮೊದಲು ತಲೆಯಾಡಿಸುತ್ತ ಕೇಳಿದ, ಆಮೇಲೆ ತಲೆಯಾಡಿಸುವುದನ್ನೂ ಬಿಟ್ಟ.

"ಅಂದ್ರೆ ಅಂಬ್ರೋಸ್..."

"ಮುಟ್ಟಿಲ್ಲ," ಎಂದಳು ಇಲೋನಾ. "ಇದು ನೀವು ಅಂಗಡಿಯಿಂದ ತಂದ ಎಂಜಿನ್ನೇ. ನಾನು ಬರೆದು ಸಹಿ ಮಾಡಿ ಕೊಡ್ತೀನಿ."

ಅವನು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಸಿದು ಕೂತ. ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡಿದ. "ಅವನ ಮಗಳ ಮದುವೆಗೆ ಹೋಗಲಿಲ್ಲ ನಾನು," ಎಂದ. "ಅವನ ಹೆಂಡ್ತಿ ಮಣ್ಣಿಗೂ ಹೋಗಲಿಲ್ಲ."

"ತಪ್ಪು ನನ್ನದು ಸಾರ್," ಎಂದ ಸ್ಟೀಫನ್.

"ನಿಮ್ಮದು ಒಂದಕ್ಷರ ಯಜಮಾನ್ರೇ. ಕಳ್ಳ ಅಂದ ಬಾಯಿ ನನ್ನದು."

"ಅದನ್ನ ನೀವು ಹೇಳ್ಕೊಳ್ಳಿ. ನನ್ನದು ನಾನು ಹೇಳ್ಬೇಕು. ಈ ಕಾರಲ್ಲಿ ಮೂರು ಜನ ಹಿಡೀತಾರಾ?"

ಒಳಗೆ ಕನ್ನಡಿಯ ಮುಂದೆ ಅವನು ಭಾನುವಾರದ ಟೈ ಕಟ್ಟಿಕೊಳ್ಳುತ್ತಿದ್ದಾಗ ಇಲೋನಾ ಬಾಗಿಲಲ್ಲಿ ನಿಂತಳು. "ನಾನು ಆಸ್ಪತ್ರೇಲಿದ್ದೆ ಅಂತಾನೂ ಆ ಅಂಬ್ರೋಸ್‌ಗೆ ಹೇಳಪ್ಪ."

"ಬೇಡ."

"ಅದೇ ತಾನೇ ಕಾರಣ?"

"ಕಾರಣ ಹೇಳಿದ್ರೆ ಆ ಮನುಷ್ಯ ನನ್ನನ್ನ ಕ್ಷಮಿಸ್ಲೇಬೇಕಾಗುತ್ತೆ," ಎಂದ ಸ್ಟೀಫನ್. "ಅಷ್ಟು ವರ್ಷ ಬೈಸ್ಕೊಂಡಿದಾನೆ. ಬೈಯೋಕಾದ್ರೂ ಒಂದು ಜಾಗ ಇರಲಿ ಅವನಿಗೆ."

ಅವಳು ಹತ್ತಿರ ಹೋಗಿ ಅವನ ಟೈಯ ಗಂಟನ್ನು ಸರಿಮಾಡಿದಳು. ಆ ಕ್ಷಣ ಅವಳಿಗೆ ಅಪ್ಪನ ಮೇಲೆ ಹುಟ್ಟಿದಷ್ಟು ಪ್ರೀತಿ ಯಾವತ್ತೂ ಹುಟ್ಟಿರಲಿಲ್ಲ. ಅವನ ಕಾಲರಿನ ಮೇಲಿದ್ದ ಗ್ಯಾರೇಜಿನ ದೂಳನ್ನು ಎರಡು ಸಲ ಕೊಡವಿದಳು.

ಎರೀಗೆ ಒಂದೂವರೆ ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಕೂತ ಇಲೋನಾಳಿಗೆ ಎರಡು ನರೆತ ತಲೆಗಳ ಹಿಂಭಾಗ ಮಾತ್ರ ಕಾಣುತ್ತಿತ್ತು. ಅಕ್ಟೋಬರಿನ ಬಿಸಿಲಿತ್ತು. ಗೇರು ಬದಲಾಯಿಸಿದಾಗಲೆಲ್ಲ ಕಾರು ಗೊರ್ರೆನ್ನುತ್ತಿತ್ತು.

ಅಂಬ್ರೋಸ್ ರೇನಿ ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದ. ಅಣ್ಣನಿಗಿಂತ ಒಂದು ಗೇಣು ಕುಳ್ಳ. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ, ಪಕ್ಕದಲ್ಲಿ ಹೆಗಲಿಗೆ ಹಾಕಿಕೊಳ್ಳುವಷ್ಟು ಪುಟ್ಟ ಸಿಲಿಂಡರು. ಕಾರಿನ ಸದ್ದು ತಿರುವಿನಲ್ಲಿ ಕೇಳಿದಾಗಲೇ ಅವನು ಕತ್ತೆತ್ತಿದ್ದ. ಕ್ಲಿಫ್ಟನ್ ಇಳಿದು, ಮೆಟ್ಟಿಲವರೆಗೆ ಹೋಗಿ, ಅಲ್ಲೇ ಟೋಪಿ ಹಿಡಿದು ನಿಂತ. ಮೆಟ್ಟಿಲು ಹತ್ತಿದವನು ಸ್ಟೀಫನ್. ಕೈಗಂಬಿ ಹಿಡಿದು ಒಂದೊಂದಾಗಿ ಹತ್ತಿ, ಅಂಬ್ರೋಸನ ಎದುರು ನೆಟ್ಟಗೆ ನಿಂತ.

"ನನ್ನ ಹೆಸರು ಸ್ಟೀಫನ್ ಹುಡಾಕ್. ನಾನು ಫೌಂಡ್ರಿಯಲ್ಲಿ ತಾರೀಖಿನ ಬಿಲ್ಲೆ ಕೂರಿಸ್ತಿದ್ದೆ. ಎಪ್ಪತ್ತನೇ ಇಸವಿ ಫೆಬ್ರವರಿ ಇಪ್ಪತ್ತೇಳು, ಶುಕ್ರವಾರ ಬೆಳಿಗ್ಗೆ, ನಾನು ತಿಂಗಳ ಅಕ್ಷರ ತಪ್ಪು ಹಾಕಿದೆ. ಆ ಬ್ಲಾಕು ನಿಮ್ಮಣ್ಣನ ಕಾರಿಗೆ ಬಂತು. ಅದು ಇವತ್ತಿಗೂ ಅದರಲ್ಲೇ ಇದೆ. ನೀವು ಅದನ್ನ ಮುಟ್ಟಿರಲಿಲ್ಲ. ನೀವು ಹೇಳಿದ್ದು ನಿಜ."

ಅಂಬ್ರೋಸ್ ಅವನ ಟೈ ನೋಡಿದ, ಮುಖ ನೋಡಿದ. ಕೊಳವೆಯಲ್ಲಿ ಗಾಳಿ ಸಣ್ಣಗೆ ಸದ್ದು ಮಾಡುತ್ತಿತ್ತು.

"ಇದನ್ನ ಹೇಳೋಕೆ ಅಷ್ಟು ದೂರದಿಂದ ಬಂದ್ರಾ?"

"ಹೌದು."

"ಕೂತ್ಕೊಳ್ಳಿ," ಎಂದು ಅಂಬ್ರೋಸ್ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನ ಕಡೆ ಸರಿಸಿದ. ಅಂಬ್ರೋಸನ ಗದ್ದ ಅದುರುತ್ತಿತ್ತು, ಅದು ಸಿಟ್ಟೋ ಅಳುವೋ ಇಲೋನಾಳಿಗೆ ತಿಳಿಯಲಿಲ್ಲ. ಅವಳಿಗೆ ಭಯವಾಯಿತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೂ ಅವನನ್ನು ತಪ್ಪೆನ್ನುವಂತಿರಲಿಲ್ಲ.

"ಬ್ರೋಸ್," ಎಂದ ಕೆಳಗಿನಿಂದ ಕ್ಲಿಫ್ಟನ್. "ನಾನು ನಿನ್ನನ್ನ..."

"ಅಮ್ಮನ ಮೇಲೆ ಆಣೆ ಇಟ್ಟಿದ್ದೆ ಕ್ಲಿಫ್," ಎಂದ ಅಂಬ್ರೋಸ್.

"ಗೊತ್ತು."

"ಅಮ್ಮನ ಮೇಲೆ."

"ಗೊತ್ತು ಕಣೋ. ನನ್ನ ತಪ್ಪು."

ಬೀದಿಯಲ್ಲಿ ಯಾರೋ ನಾಯಿ ಹಿಡಿದುಕೊಂಡು ಹೋದರು. ಅಂಬ್ರೋಸ್ ಮುಖವನ್ನು ತೋಳಿಗೆ ಒರೆಸಿಕೊಂಡ. ಕಾರಿನ ಕಡೆ ನೋಡಿ, "ಇನ್ನೂ ಎರಡನೇ ಗೇರಿಗೆ ಹಾಕುವಾಗ ಗೊರ್ ಅನ್ನಿಸ್ತೀಯ," ಎಂದ. "ತಿರುವಿನಲ್ಲೇ ಕೇಳಿಸ್ತು. 'ಕ್ಲಚ್ಚನ್ನ ಪೂರ್ತಿ ಒತ್ತು' ಅಂತ ಎಷ್ಟು ಸಲ ಬಡ್ಕೊಂಡಿದೀನಿ. ಕೀಲಿ ಕೊಡು."

"ಡಾಕ್ಟರು ಓಡಿಸಬಹುದು ಅಂದಿದಾರಾ?"

"ಡಾಕ್ಟರ್ ಕಾರಲ್ಲ ಅದು. ಕೊಡು."

ಅವನು ಸಿಲಿಂಡರನ್ನು ಹೆಗಲಿಗೆ ಹಾಕಿಕೊಳ್ಳಲು ಹೋದ. ಅಷ್ಟರಲ್ಲಿ ಕ್ಲಿಫ್ಟನ್ ಮೇಲೆ ಬಂದು ಅದನ್ನು ತಾನೇ ಎತ್ತಿಕೊಂಡಿದ್ದ. ಕೊಳವೆ ಎಳೆಯದ ಹಾಗೆ ಇಬ್ಬರೂ ಮೈಗೆ ಮೈ ತಾಗಿಸಿಕೊಂಡೇ ಮೆಟ್ಟಿಲಿಳಿದು ಅಂಗಳ ದಾಟಿದರು. ಕ್ಲಿಫ್ಟನ್ ಓಡಿಸುವವನ ಕಡೆಯ ಬಾಗಿಲು ತೆಗೆದ. ತಮ್ಮನಿಗೆ ದಾರಿ ಬಿಡುವ ಮೊದಲು ಬಗ್ಗಿ, ಸೀಟಿನ ಅಡಿಗೆ ಕೈ ಹಾಕಿ, ಅದನ್ನು ಸರಿಸುವ ಹಿಡಿಕೆ ಎತ್ತಿ, ಸೀಟನ್ನು ಮೂರು ಹಲ್ಲು ಮುಂದಕ್ಕೆ ತಳ್ಳಿದ. ಅಂಬ್ರೋಸ್ ಕೂತು ಕಾಲು ಚಾಚಿದ. ಪಾದ ಪೆಡಲಿಗೆ ಸರಿಯಾಗಿ ಮುಟ್ಟಿತು.